ಸಿನಿಮಾದಲ್ಲಿಲ್ಲದ ಮಾತು

ಗಂಡನ ಹೆಸರು ಹೇಳಬಾರದು ಎನ್ನುತ್ತಾರೆ. ಸುಡು, ಇನ್ನು ಮುಚ್ಚಿಡುವುದಕ್ಕೆ ಏನು ಉಳಿದಿದೆ? ಹುಲಿಗೆಪ್ಪ. ಸಾಂಗಲಿ ಹತ್ತಿರ ಕಾರ್ಖಾನೆಗಳ ಜಾಗ, ಕುಪವಾಡ ಎಂಐಡಿಸಿ; ಅಲ್ಲಿ ರಾವಸಾಬರ ಫೌಂಡ್ರಿಯಲ್ಲಿ ಕರಗಿದ ಕಬ್ಬಿಣ ಹೊಯ್ಯಲು ಮರಳಿನ ಅಚ್ಚು ಹಾಕುತ್ತಿದ್ದವನು. ಎದುರಿಗೆ ಮಾತಾಡುವಾಗ ಅವನಿಗೆ ‘ರೀ’ ಹಚ್ಚುತ್ತೇನೆ. ಇಲ್ಲಿ ಹಚ್ಚುವುದಿಲ್ಲ, ಸಿಟ್ಟು ಇನ್ನೂ ಇಳಿದಿಲ್ಲ.

ಅವನನ್ನು ಕೆಡಿಸಿದ್ದು ಸೆರೆಯಲ್ಲ, ಇಸ್ಪೀಟೂ ಅಲ್ಲ. ಸಿನಿಮಾ. ಇಂಡಿ ಕಡೆಯಿಂದ ನಾವು ಹೊಟ್ಟೆ ಹೊರೆಯಲು ಈ ಕಡೆ ಬಂದಾಗ ಅವನಿಗೆ ಕನ್ನಡ ಬಿಟ್ಟರೆ ಬೇರೆ ಮಾತೇ ಬರುತ್ತಿರಲಿಲ್ಲ. ಮರಾಠಿಯನ್ನು ಸಂತೆಯಲ್ಲಿ, ಬಸ್ಸಿನಲ್ಲಿ ಬೈಸಿಕೊಳ್ಳುತ್ತ ಕಲಿತ. ಹಿಂದಿಯನ್ನು ಮಾತ್ರ ಮಿರಜದ ಟಾಕೀಸಿನಲ್ಲಿ ಮುಂದಿನ ಬೆಂಚಿನ ಮೇಲೆ ಕುಳಿತು ಹೀರೋನ ಬಾಯಿಂದಲೇ ಕಲಿತ. ರವಿವಾರ ಬಂತೆಂದರೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ. ಅವನು ಹೀರೋನ ಮಾತನ್ನು ಬಾಯಿಪಾಠ ಮಾಡುತ್ತಿದ್ದರೆ ನಾನು ಹೀರೋನ ತಾಯಿಯ ಜೊತೆಗೆ ಅಳುತ್ತಿದ್ದೆ. ಸೆರಗು ಒದ್ದೆಯಾಗುವಷ್ಟು ಅತ್ತು ಹೊರಗೆ ಬಂದು, ಇಬ್ಬರೂ ನಿಂತು ಖಾರದ ಚುರುಮುರಿ ಭಡಂಗ ತಿನ್ನುತ್ತಿದ್ದೆವು. ಸುಳ್ಳು ಯಾಕೆ ಹೇಳಲಿ, ಆ ದಿನಗಳು ಚೆನ್ನಾಗಿದ್ದವು.

ಯಾವುದಕ್ಕೂ ಅವನ ಹತ್ತಿರ ಒಂದು ಡೈಲಾಗ್ ಇರುತ್ತಿತ್ತು. ಮಳೆಗಾಲದಲ್ಲಿ ಮಾಡಿನ ಪತ್ರಾಸು ಸೋರಿದರೆ, ಬಡವನ ಸೂರು ಸೋರುತ್ತದೆ, ಬಡವನ ಧೈರ್ಯ ಸೋರುವುದಿಲ್ಲ ಎಂದು ಹಿಂದಿಯಲ್ಲಿ ಗುಡುಗುತ್ತಿದ್ದ.

“ಧೈರ್ಯ ಆಮ್ಯಾಲ ನೋಡೂಣು, ಮೊದಲ ಪಾತೇಲಿ ಇಡ್ರಿ ಅಲ್ಲೆ,” ಎನ್ನುತ್ತಿದ್ದೆ ನಾನು.

ಜ್ವರ ಬಂದು ಮಲಗಿದರೆ, ಸಾವು ಕೂಡ ನನ್ನ ಬಾಗಿಲಿಗೆ ಬಂದು ಅಪ್ಪಣೆ ಕೇಳಬೇಕು ಎನ್ನುತ್ತಿದ್ದ. ಸಾವು ಅಪ್ಪಣೆ ಕೇಳುತ್ತದೋ ಇಲ್ಲವೋ, ಗುಳಿಗೆ ನುಂಗ್ರಿ ಎಂದು ನಾನು ಬಾಯಿಗೆ ತುರುಕುತ್ತಿದ್ದೆ. ನಗು ಬರುತ್ತಿತ್ತು. ಆದರೆ ನನಗೆ ಆಗಲೇ ಒಂದು ಗುಮಾನಿ ಇತ್ತು. ಸಿನಿಮಾದಲ್ಲಿ ಯಾರೂ ಎಣ್ಣೆಯ ದರ ಕೇಳುವುದಿಲ್ಲ. ಮಾತು ಮುಗಿದ ಕೂಡಲೇ ಬಾಜಾ ಮೊಳಗುತ್ತದೆ, ಇಲ್ಲವೆ ಇಂಟರ್ವಲ್ ಬೀಳುತ್ತದೆ. ನಮ್ಮ ಮನೆಯಲ್ಲಿ ಮಾತು ಮುಗಿದ ಮೇಲೂ ಪಾತ್ರೆ ತಿಕ್ಕಬೇಕು.

ಅವನಿಗೆ ಎಲ್ಲಕ್ಕಿಂತ ಪ್ರೀತಿಯ ಮಾತು ಒಂದಿತ್ತು. ಯಾವುದೋ ಸಿನಿಮಾದ ಹೀರೋ ಇವನ ಹಾಗೆಯೇ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿಯುವವನು. ಮಾಲೀಕನ ಮುಂದೆ ಎರಡೂ ಕೈ ಎತ್ತಿ ಹೇಳುತ್ತಾನೆ: “ಯೇ ಹಾಥ್ ಲೋಹಾ ಪಿಘಲಾತೇ ಹೈ, ಸಾಬ್. ಜುಡತೇ ನಹೀ.” ಈ ಕೈಗಳು ಕಬ್ಬಿಣ ಕರಗಿಸುತ್ತವೆ, ಯಾರ ಮುಂದೆಯೂ ಮುಗಿಯುವುದಿಲ್ಲ. ಫೌಂಡ್ರಿಯಲ್ಲಿ ಚಹಾದ ಹೊತ್ತಿಗೆ ಎಲ್ಲರೂ “ಹುಲಿಗ್ಯಾ, ಡೈಲಾಗ!” ಎಂದು ಕೂಗುತ್ತಿದ್ದರಂತೆ. ಇವನು ಬಕೆಟ್ ಮೇಲೆ ಹತ್ತಿ ನಿಂತು ಇದನ್ನು ಹೇಳಿದರೆ ಸೀಟಿಯೋ ಸೀಟಿ. ಸ್ವತಃ ರಾವಸಾಬರೇ ನಕ್ಕು, “ಸಾಕಪಾ ಸಾಕು, ಇಳಿ, ಕಬ್ಬಿಣ ಆರತೈತಿ,” ಎನ್ನುತ್ತಿದ್ದರು.

ರಾವಸಾಬರು ಜೈನರು. ಅವರ ಮನೆಯಲ್ಲೂ ಕನ್ನಡವೇ. ಕೆಲಸ ಕೆಟ್ಟರೆ ಕನ್ನಡದಲ್ಲೇ ಜಾಡಿಸುತ್ತಿದ್ದರು. ಆಗ ನಮ್ಮ ಹೀರೋ ತಲೆ ತುರಿಸುತ್ತ, “ತಪ್ಪಾತ್ರಿ ಸಾವಕಾರ್ರ, ಇನ್ನೊಮ್ಮಿ ಆಗಂಗಿಲ್ಲ,” ಎಂದುಬಿಡುತ್ತಿದ್ದ. ಅಲ್ಲಿಗೆ ಮುಗಿಯಿತು. ಇದೊಂದನ್ನು ನೆನಪಿಡಿ. ಬಗ್ಗುವುದು ಅವನಿಗೆ ಕಷ್ಟದ ಕೆಲಸವೇ ಆಗಿರಲಿಲ್ಲ.

ಆಮೇಲೆ ಎಲ್ಲ ಬದಲಾಯಿತು. ಸಾಂಗಲಿಯಲ್ಲಿ ಎಲ್ಲಿ ನೋಡಿದರೂ ಹೊಸ ಬಂಗಲೆ, ಹೊಸ ಮೋಟಾರ್ ಸೈಕಲ್. ಮನೆಮನೆಗೆ ಕೇಬಲ್ ಟಿವಿ ಬಂತು. ಫೌಂಡ್ರಿಗೆ ಪುಣೆಯಿಂದ ಮೋಟಾರಿನ ಭಾಗಗಳ ಆರ್ಡರು ಬಂತು. ಆರ್ಡರಿನ ಹಿಂದೆಯೇ ಪುಣೆಯ ಕಂಪನಿಯೂ ಬಂದು ಫೌಂಡ್ರಿಯನ್ನೇ ಕೊಂಡಿತು. ರಾವಸಾಬರು ಮನೆಯಲ್ಲಿ ಕುಳಿತರು. ಹೊಸ ಯಂತ್ರಗಳು ಇಳಿದವು, ಆಳುಗಳು ಒಬ್ಬೊಬ್ಬರಾಗಿ ಕಡಿಮೆಯಾದರು. ಗಾಜಿನ ಆಫೀಸಿನೊಳಗೆ ದಿಲ್ಲಿಯ ಆಚೆಯ ಯಾವುದೋ ಊರಿನ ಸಾಹೇಬ ಬಂದು ಕುಳಿತ. ಅವನಿಗೆ ಹಿಂದಿ ಬರುತ್ತಿತ್ತು, ಇಂಗ್ಲಿಷ್ ಬರುತ್ತಿತ್ತು. ಮರಾಠಿಯೇ ಬರದವನಿಗೆ ಕನ್ನಡ ಎಲ್ಲಿಂದ ಬರಬೇಕು?

ಒಂದು ದಿನ ಹುಲಿಗೆಪ್ಪ ಹಾಕಿದ ಅಚ್ಚು ಒಡೆಯಿತು. ಕಾದ ಕಬ್ಬಿಣದ ರಸ ನೆಲದ ತುಂಬ ಹರಿಯಿತು. ದೇವರು ದೊಡ್ಡವನು, ಯಾರ ಕಾಲೂ ಸುಡಲಿಲ್ಲ. ಆದರೆ ಪುಣೆಗೆ ಹೋಗಬೇಕಾದ ಮಾಲು ನಿಂತಿತು. ಮರಳು ಹಸಿ ಇತ್ತೋ, ಅದನ್ನು ಗಟ್ಟಿ ಮಾಡುವ ಇವನ ಗುದ್ದು ಕಡಿಮೆಯಾಯಿತೋ, ಯಾರಿಗೆ ಗೊತ್ತು.

ಆ ಸಂಜೆ ಸ್ಟೋರ್ ನೋಡಿಕೊಳ್ಳುವ ತವನಪ್ಪ ಕಾಕಾ ನಮ್ಮ ಖೋಲಿಗೆ ಬಂದರು. ರಾವಸಾಬರ ಕಾಲದಿಂದ ಉಳಿದ ಹಳೆಯ ಮನುಷ್ಯ.

“ಸಾಹೇಬ ಕೆಟ್ಟಾಂವ ಅಲ್ಲ ಬಿಡು, ಸಾತವ್ವ,” ಎಂದರು. “ನಾಳೆ ಮುಂಜಾನೆ ಎಲ್ಲಾರ ಮುಂದ ತಪ್ಪಾತು ಅಂತ ಒಂದ ಮಾತು ಅಂದ್ರ ಕೆಲಸದ ಮ್ಯಾಲ ಇಡತಾನಂತ. ಇಲ್ಲಾಂದ್ರ ಇಲ್ಲ.”

“ನೀವಽ ಹೇಳಿಬಿಡ್ರಿ ಕಾಕಾ, ಇವರ ಪರವಾಗಿ,” ಎಂದೆ.

“ಇವನ ಬಾಯಿಂದಽ ಕೇಳಬೇಕಂತ ಅವಗ. ನಡಕ ನಾ ಬಾಯಿ ಹಾಕಿದ್ರ ನಾಳೆ ನನ್ನೂ ಮನಿಗೆ ಕಳಸತಾನ.”

ಕಾಕಾ ನೆಲದ ಮೇಲೆ ಕುಳಿತು ಇವನಿಗೆ ಹಿಂದಿ ಕಲಿಸಿದರು. “ಗಲತೀ ಹೋ ಗಯೀ, ಸಾಬ್. ಫಿರ್ ನಹೀ ಹೋಗೀ.” ತಪ್ಪಾಯಿತು, ಇನ್ನೊಮ್ಮೆ ಆಗುವುದಿಲ್ಲ. ಅಷ್ಟೇ. ನಮ್ಮ ಮಗಳು ಸಪನಾ ಮರಾಠಿ ಶಾಲೆಯವಳು. ಅವಳು ಮಾಸ್ತರಿಣಿಯ ಹಾಗೆ ಎದುರಿಗೆ ಕುಳಿತು, “ಬಾಬಾ, ಪರತ ಮ್ಹಣಾ,” ಮತ್ತೆ ಹೇಳು ಎಂದು ಹೇಳಿಸಿದಳು. ಹೇಳಿದ. ಆದರೆ ಎವ್ವಾ, ಏನು ಹೇಳುವುದು! ಗದ್ದ ಮೇಲಕ್ಕೆ ಎತ್ತುತ್ತಾನೆ, ಕಣ್ಣು ಕಿರಿದು ಮಾಡುತ್ತಾನೆ, ‘ಸಾಬ್’ ಅನ್ನುವ ಮೊದಲು ನಿಲ್ಲುತ್ತಾನೆ. ತಪ್ಪಾಯಿತು ಎನ್ನುವ ಮಾತು ಅವನ ಬಾಯಿಯಲ್ಲಿ ಕೊಂದುಬಿಡುತ್ತೇನೆ ಎಂದ ಹಾಗೆ ಕೇಳುತ್ತಿತ್ತು.

“ಹಂಗಲ್ಲೋ ಮಾರಾಯಾ, ಸಣ್ಣ ದನಿಯಾಗ ಹೇಳು,” ಎಂದರು ಕಾಕಾ.

ಇವನು ನೆಲ ನೋಡಿದ. “ಸಣ್ಣ ದನಿಯಾಗ ಹಿಂದಿ ಬರಂಗಿಲ್ರಿ ಕಾಕಾ ನನಗ,” ಎಂದ.

ನಾವು ನಕ್ಕೆವು. ನಗಬಾರದಿತ್ತು.

ಮರುದಿನ ನಡೆದದ್ದನ್ನು ಕಾಕಾ ಆಮೇಲೆ ಹೇಳಿದರು. ಭಟ್ಟಿಯ ಮುಂದೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದರು. ಇವನು ಟೊಪ್ಪಿಗೆ ಕೈಯಲ್ಲಿ ಹಿಡಿದು ಮುಂದೆ ಬಂದ. ಸಾಹೇಬ “ಬೋಲೋ” ಎಂದ. ಇವನು “ಗಲತೀ...” ಎಂದು ಅಲ್ಲಿಯೇ ಸಿಕ್ಕಿಕೊಂಡ. ಮುಂದಿನದು ಬರಲಿಲ್ಲ. ಆಗ ಹಿಂದಿನ ಸಾಲಿನಿಂದ ಸಿದ್ದಪ್ಪ, ಇವನ ಜೊತೆ ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಿದ್ದವನು, ಮೆಲ್ಲಗೆ “ಹುಲಿಗ್ಯಾ, ಡೈಲಾಗ!” ಎಂದ. ಯಾರೋ ಕಿಸಕ್ಕೆಂದರು. ಇವನ ಟೊಪ್ಪಿಗೆ ಕೆಳಗೆ ಬಿತ್ತು, ಎರಡೂ ಕೈ ಮೇಲೆದ್ದವು.

“ಯೇ ಹಾಥ್ ಲೋಹಾ ಪಿಘಲಾತೇ ಹೈ... ಸಾಬ್. ಜುಡತೇ ನಹೀ.”

ಸೀಟಿ ಬಿತ್ತಂತೆ. ಒಬ್ಬನಲ್ಲ, ನಾಲ್ಕೈದು ಜನ ಹೊಡೆದರಂತೆ. ಸಾಹೇಬ ಸಿಟ್ಟಿಗೇಳಲಿಲ್ಲ, ಕೂಗಾಡಲಿಲ್ಲ. “ಠೀಕ್ ಹೈ,” ಎಂದು ಒಳಗೆ ಹೋದ. ಮಧ್ಯಾಹ್ನದ ಊಟದ ಹೊತ್ತಿಗೆ ಇವನು ಗೇಟಿನ ಹೊರಗಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸೀಟಿ ಹೊಡೆದವರೆಲ್ಲ ಕೈ ಮುಗಿದು ಒಳಗೇ ಉಳಿದರು. ಇವನ ಅಚ್ಚಿನ ಜಾಗದಲ್ಲಿ ಈಗ ಸಿದ್ದಪ್ಪ ನಿಂತಿದ್ದಾನೆ.

ಅವತ್ತು ನಾನು ಮನೆ ಹಾರಿಹೋಗುವ ಹಾಗೆ ಕೂಗಿದೆ. “ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ! ಏನ್ ಸೊಕ್ಕರೀ ನಿಮ್ಮದು? ಒಂದ ಮಾತು ಹೇಳಾಕ ಬಾಯಾಗ ಹುಣ್ಣಾಗಿತ್ತೇನು?”

“ಸೊಕ್ಕಲ್ಲ, ಸಾತಾ,” ಎಂದ. “ಬಾಯಾಗ ಅದಽ ಬಂತು. ಬ್ಯಾರೆ ಬರ್ಲಿಲ್ಲ.”

ನಾನು ನಂಬಲಿಲ್ಲ. ಗಂಡಸರ ಸೊಕ್ಕು ನನಗೆ ಗೊತ್ತಿಲ್ಲದ್ದೇ?

ಆಮೇಲೆ ಅವನು ಕುಪವಾಡದ ಫೌಂಡ್ರಿಗಳನ್ನೆಲ್ಲ ಸುತ್ತಿದ. ಹೋದಲ್ಲೆಲ್ಲ ಆ ಡೈಲಾಗು ಅವನಿಗಿಂತ ಮೊದಲೇ ಹೋಗಿ ಕುಳಿತಿತ್ತು. ಒಬ್ಬರು ಯೂನಿಯನ್ನಿನವನು ಎಂದರು, ಇನ್ನೊಬ್ಬರು ತಲೆ ಕೆಟ್ಟವನು ಎಂದರು. ದಿನಗೂಲಿಗೆ ಮಣ್ಣು ಹೊತ್ತ, ಅದೂ ಸಿಕ್ಕಾಗ. ಅರಿಶಿನ ತುಂಬಿಡುವ ವಖಾರದಲ್ಲಿ ನಾನು ಮಾಡುವ ಕೂಲಿಯಲ್ಲೇ ಮನೆ ನಡೆಯಬೇಕು. ಸಪನಾಳ ಶಾಲೆ ಬಿಡಿಸುವ ಮಾತು ಬಂತು. ಅವನು ಡೈಲಾಗ್ ಹೇಳುವುದನ್ನು ಬಿಟ್ಟ. ಪತ್ರಾಸು ಸೋರಿದರೆ ಸುಮ್ಮನೆ ಎದ್ದು ಪಾತೇಲಿ ಇಡುತ್ತಿದ್ದ. ನನಗೆ ಆ ಗುಡುಗೇ ವಾಸಿ ಎನಿಸುತ್ತಿತ್ತು.

ಕೊನೆಗೆ ನಾನೇ ಹೋಗುತ್ತೇನೆ ಎಂದು ಹೊರಟೆ. ಹೆಂಗಸು ಹೋಗಿ ಕೇಳಿದರೆ ಸಾಹೇಬನ ಮನಸ್ಸು ಕರಗೀತು ಎಂಬ ಆಸೆ. ತವನಪ್ಪ ಕಾಕಾ ಕಲಿಸಿದ ಮಾತೇ ನನಗೂ ಸಾಕು. ದಾರಿಯುದ್ದಕ್ಕೂ ಹೇಳಿಕೊಂಡೇ ಹೋದೆ. ಗಲತೀ ಹೋ ಗಯೀ ಸಾಬ್, ಮೇರೇ ಆದಮೀ ಸೇ ಗಲತೀ ಹೋ ಗಯೀ. ನನ್ನ ಗಂಡನಿಂದ ತಪ್ಪಾಯಿತು. ವಖಾರದಿಂದ ನೇರವಾಗಿ ಹೋಗಿದ್ದರಿಂದ ಕೈ, ಸೆರಗು ಎಲ್ಲ ಹಳದಿಯಾಗಿದ್ದವು.

ಗೇಟಿನ ಹತ್ತಿರ ಸಾಹೇಬನ ಕಾರು ಬಂತು. ನಾನು ಅಡ್ಡ ನಿಂತೆ. ಗಾಜು ಕೆಳಗಿಳಿಯಿತು. “ಕ್ಯಾ ಹೈ?” ಎಂದ. ಗದರಿಸಿಯೂ ಕೇಳಲಿಲ್ಲ, ಪಾಪ.

ನಾನು ಬಾಯಿ ತೆರೆದೆ. ದಾರಿಯುದ್ದಕ್ಕೂ ಹೇಳಿಕೊಂಡು ಬಂದದ್ದು ಅಲ್ಲಿ ಇರಲಿಲ್ಲ. ಎಷ್ಟು ತಡಕಿದರೂ ಕೈಗೆ ಸಿಗಲಿಲ್ಲ. ಆ ಗಳಿಗೆಯಲ್ಲಿ ನನ್ನ ಗಂಡ ಭಟ್ಟಿಯ ಮುಂದೆ ಹೇಗೆ ನಿಂತಿದ್ದ ಎಂದು ನನಗೆ ತಿಳಿಯಿತು. ಬಾಯಲ್ಲಿ ಇದ್ದದ್ದು ಒಂದೇ, ಮಿರಜದ ಟಾಕೀಸಿನಲ್ಲಿ ನಾನು ಎಷ್ಟೋ ಸಲ ಅತ್ತ ಆ ತಾಯಿಯ ಮಾತು. ನನ್ನ ಕೈಗಳು ತಾವಾಗಿಯೇ ಸೆರಗು ಒಡ್ಡಿದವು.

“ಇಸ್ ಆಂಚಲ್ ಮೇ ಔರ್ ಕುಛ್ ನಹೀ, ಸಾಬ್. ಏಕ್ ಮಾ ಕೀ ಭೂಖ್ ಹೈ.”

ಈ ಸೆರಗಿನಲ್ಲಿ ಬೇರೆ ಏನೂ ಇಲ್ಲ, ಒಬ್ಬ ತಾಯಿಯ ಹಸಿವಿದೆ. ಕಣ್ಣೀರು ಸುರಿಯಿತು. ದೇವರಾಣೆ, ಕಣ್ಣೀರು ನನ್ನದೇ. ಮಾತು ಮಾತ್ರ ಸಿನಿಮಾದ್ದು.

ಸಾಹೇಬ ಒಂದು ಗಳಿಗೆ ನನ್ನನ್ನೇ ನೋಡಿದ. ಆಮೇಲೆ ನಕ್ಕ. ಪಕ್ಕದಲ್ಲಿ ಕುಳಿತವನ ಕಡೆ ತಿರುಗಿ, “ಹುಲಿಗೆಪ್ಪಾ ಕೀ ಬೀವೀ ಹೋಗೀ. ಪತೀ-ಪತ್ನೀ ದೋನೋ ಕಲಾಕಾರ್ ಹೈ,” ಎಂದ. ಹುಲಿಗೆಪ್ಪನ ಹೆಂಡತಿಯೇ ಇರಬೇಕಂತೆ, ಗಂಡ ಹೆಂಡತಿ ಇಬ್ಬರೂ ಕಲಾವಿದರಂತೆ. ಜೇಬಿನಿಂದ ಒಂದು ನೋಟು ತೆಗೆದು ನಾನು ಒಡ್ಡಿದ ಸೆರಗಿನಲ್ಲಿ ಹಾಕಿದ. ಗಾಜು ಏರಿತು. ನಾನು ಪಕ್ಕಕ್ಕೆ ಸರಿದೆ. ಕೆಲಸ ಕೇಳಲು ಹೋದವಳು ಭಿಕ್ಷೆ ಬೇಡಿ ಬಂದಿದ್ದೆ.

ತಿರುಗಿ ಬರುವಾಗ ಬಸ್ಸಿಗೆ ಹತ್ತಲಿಲ್ಲ. ನಡೆದುಕೊಂಡೇ ಬಂದೆ. ಎಷ್ಟು ಸಿನಿಮಾ ನೋಡಿದೆವಲ್ಲ ನಾವು, ಎಷ್ಟು ಮಾತು ಕೇಳಿದೆವು! ಹೀರೋ ಎದೆ ಸೆಟೆದು ನಿಲ್ಲುತ್ತಾನೆ, ತಾಯಿ ಸೆರಗು ಒಡ್ಡುತ್ತಾಳೆ, ಖಳ ನಗುತ್ತಾನೆ. ‘ತಪ್ಪಾಯಿತು ಸಾಹೇಬ, ಮರಳು ಹಸಿ ಇತ್ತು, ನಾಳೆ ಸರಿಯಾಗಿ ಮಾಡುತ್ತೇನೆ’ ಎಂದು ಸಣ್ಣ ದನಿಯಲ್ಲಿ ಹೇಳಿದವರನ್ನು ನಾವು ಯಾವ ಸಿನಿಮಾದಲ್ಲಿ ಕಂಡೆವು? ಅದನ್ನು ಕೇಳಲು ಟಿಕೀಟು ಯಾರು ತೆಗೆಯುತ್ತಾರೆ? ಆದರೆ ಹೊಟ್ಟೆ ತುಂಬುವುದು ಆ ಮಾತಿನಿಂದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಹುಲಿಗೆಪ್ಪ ಹೊಸ್ತಿಲಲ್ಲಿ ಕುಳಿತಿದ್ದ. ಮಗಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು.

“ಸಾಹೇಬ ಸಿಕ್ಕಿದ್ನ? ಏನಂದಿ?” ಎಂದು ಕೇಳಿದ.

ನಾನು ಸೆರಗಿನ ಗಂಟು ಬಿಚ್ಚಿ ನೋಟು ತೋರಿಸಿದೆ. ನಾನು ಹೇಳಿದ ಮಾತನ್ನೂ ಹೇಳಿದೆ. ಅದು ಯಾವ ಸಿನಿಮಾದ್ದು, ಯಾವ ಸೀನಿನದು ಎಂದು ಅವನಿಗೆ ಕೂಡಲೇ ಗುರುತು ಸಿಕ್ಕಿತು. ಮುಖ ನೋಡಿದರೇ ತಿಳಿಯುತ್ತಿತ್ತು. ಆದರೆ ಅವನು ಅದನ್ನು ಹೇಳಲಿಲ್ಲ. ಎದ್ದು ನಿಂತ. ನನ್ನ ಎದುರಿಗೆ ಬಂದು, ಸುಟ್ಟ ಕಲೆಗಳ ಆ ಎರಡು ಕೈಗಳನ್ನು ಜೋಡಿಸಿದ.

“ತಪ್ಪಾತು,” ಎಂದ. “ಇನ್ನೊಮ್ಮಿ ಆಗಂಗಿಲ್ಲ. ನಾಳಿಂದ ಕೆಲಸಕ್ಕ ಬರ್ತೀನಿ.”

ಗದ್ದ ಎತ್ತಲಿಲ್ಲ, ಕಣ್ಣು ಕಿರಿದು ಮಾಡಲಿಲ್ಲ. ಸಣ್ಣ ದನಿಯಲ್ಲಿ, ತಲೆ ತಗ್ಗಿಸಿ, ಕನ್ನಡದಲ್ಲಿ ಹೇಳಿದ. ಎಷ್ಟು ಚೆನ್ನಾಗಿ ಹೇಳಿದ ಅಂತೀರಿ! ಕೇಳಿದ ಯಾವ ಮಾಲೀಕನಾದರೂ ಅವನನ್ನು ಒಳಗೆ ಕರೆಯುತ್ತಿದ್ದ. ಆದರೆ ಎದುರಿಗೆ ನಿಂತಿದ್ದವಳು ನಾನು. ಕೊಡಲು ನನ್ನ ಹತ್ತಿರ ಕೆಲಸ ಇರಲಿಲ್ಲ.