ಗಲ್ಲಾದ ಮೇಲಿನ ಗಂಟೆ

ಮರಾಠಿ ಸೀಮೆಯ ಇಂದಾಪುರ ಬಸ್ ಸ್ಟ್ಯಾಂಡಿನ ಹಿಂದೆ, ಪಂಕ್ಚರ್ ಅಂಗಡಿಗೆ ಒತ್ತಿಕೊಂಡು ರಾಧಾಬಾಯಿಯ ತಗಡಿನ ಖಾನಾವಳಿ. ಬೋರ್ಡಿಲ್ಲ, ಬಾಗಿಲಿಲ್ಲ. ಬದನೆಕಾಯಿ ಸುಡುವ ಹೊಗೆಯ ಜಾಡು ಹಿಡಿದೇ ಚನ್ನವೀರ ಅಲ್ಲಿಗೆ ಬಂದಿದ್ದ. ಎಪ್ಪತ್ತು ದಾಟಿದರೂ ಅವನ ಮೂಗಿಗೆ ವಯಸ್ಸಾಗಿರಲಿಲ್ಲ, ನಾಲಿಗೆಗೆ ಲಗಾಮಿರಲಿಲ್ಲ. ಊಟ ಕೆಟ್ಟಿದ್ದರೆ ಮಾಲೀಕನ ಮುಖಕ್ಕೇ ಹೇಳಿ, ಎರಡನೆಯ ತುತ್ತು ಮುಟ್ಟದೆ ಎದ್ದು ಬರುವ ಆಸಾಮಿ.

ಹೊಸ ಜಾಗ ಸಿಕ್ಕರೆ ಗೆಳೆಯ ಮೋಹನದಾಸ್ ಶೆಟ್ಟರಿಗೆ ಹೇಳಲೇಬೇಕು. ಶೆಟ್ಟರು ದೇಹೂ ರೋಡಿನಲ್ಲಿ ಹೋಟೆಲು ನಡೆಸುತ್ತಿದ್ದಾಗ, ಮೋಟಾರು ಬಿಡಿಭಾಗ ಮಾರುತ್ತ ಊರೂರು ಸುತ್ತುತ್ತಿದ್ದ ಚನ್ನವೀರ ಗಲ್ಲಾಕ್ಕೆ ಮೊಣಕೈ ಊರಿ ತಿಂದದ್ದನ್ನೆಲ್ಲ ವರದಿ ಒಪ್ಪಿಸುತ್ತಿದ್ದ. ಶೆಟ್ಟರು ಗಲ್ಲಾದ ಮೇಲಿನ ಹಿತ್ತಾಳೆ ಗಂಟೆಯನ್ನು ಒಮ್ಮೆ ಬಡಿದರೆ, ಒಪ್ಪಿದೆ, ಮುಂದೆ ಹೇಳು ಎಂದರ್ಥ. ಗಿರಾಕಿ ಬಿಲ್ಲು ಕೊಡದೆ ಹೊಸ್ತಿಲು ದಾಟಿದಾಗ ಮಾತ್ರ ಅದನ್ನು ಬಿಡದೆ ಬಾರಿಸುತ್ತಿದ್ದರು.

ಈಗ ಹೋಟೆಲಿಲ್ಲ. ಗಂಟಲಿನ ರೋಗ ಶೆಟ್ಟರ ದನಿಯನ್ನೇ ತಿಂದುಹಾಕಿದೆ. ಊಟವೆಲ್ಲ ಮೂಗಿನ ನಳಿಕೆಯಲ್ಲಿ. ಕೊಂಢವಾ ಬಡಾವಣೆಯ ಮನೆಯಲ್ಲಿ ಹಾಸಿಗೆಯ ಪಕ್ಕ ಅದೇ ಗಂಟೆ. ಚನ್ನವೀರ ಫೋನಿನಲ್ಲಿ ಮಾತಾಡಿ ಕಳಿಸಿದ್ದನ್ನು ಕೇಳಿ ಅವರು ಗಂಟೆ ಬಡಿಯುತ್ತಾರೆ, ಹೆಂಡತಿ ಉಮಾವತಿ ಆ ಸದ್ದನ್ನು ರೆಕಾರ್ಡ್ ಮಾಡಿ ಕಳಿಸುತ್ತಾರೆ.

ಬೆಳಿಗ್ಗೆ ಚನ್ನವೀರ ಬಸ್ಸಿನಲ್ಲಿದ್ದಾಗ ಉಮಾವತಿಯೇ ಫೋನು ಮಾಡಿದ್ದರು.

"ಚನ್ನವೀರಣ್ಣ, ಬೇಜಾರು ಮಾಡ್ಬೇಡಿ. ನಿನ್ನೆ ನೀವು ಖಾರದ ಮಿಸಳ್ ರುಚಿ ಬಗ್ಗೆ ಹೇಳಿದ್ದು ಕೇಳಿ ಇವ್ರು ನಳಿಕೆ ಕಿತ್ತುಕೊಂಡ್ರು ಮಾರಾಯ್ರೆ. ರಕ್ತ ಬಂತು. ಇನ್ನು ಆಸೆ ಹುಟ್ಟಿಸ್ಬೇಡಿ."

"ಹೇಳೂದು ಬಿಡ್ಲೇನ್ರೀ ವೈನಿ?"

"ಬಿಟ್ರೆ ಇನ್ನೂ ಕಷ್ಟ. ದಿನವಿಡೀ ಫೋನನ್ನೇ ನೋಡ್ತಾ ಇರ್ತಾರೆ."

ರಾಧಾಬಾಯಿ ತಾಟು ಇಟ್ಟಳು. ಉಬ್ಬಿದ ಜೋಳದ ಭಾಕರಿ, ಬದನೆಕಾಯಿ ಸುಟ್ಟು ಕಿವುಚಿದ ಭರಿತ, ಕಲ್ಲಲ್ಲಿ ಕುಟ್ಟಿದ ಹಸಿಮೆಣಸಿನಕಾಯಿ. ಮೊದಲ ತುತ್ತಿಗೇ ಚನ್ನವೀರನ ಕಣ್ಣು ತಾನಾಗಿ ಮುಚ್ಚಿತು. ಇನ್ನೊಂದು ತುತ್ತು ಬಾಯಿಗಿಟ್ಟು ಫೋನು ಹಿಡಿದ. ಊಟದ ವಿಷಯದಲ್ಲಿ ಎಂದೂ ಆಡದ ಸುಳ್ಳನ್ನು ಆಡಿದ.

"ಶೆಟ್ಟರ, ಇಂದಾಪುರದಾಗ ಕುಂತೀನಿ. ಥೂ, ಬಾಯಾಗ ಇಡೂಹಂಗಿಲ್ರಿ. ಭಾಕರಿ ಅಂದ್ರ ಹಳೇ ಚಪ್ಪಲಿ. ಬದನಿಕಾಯಿ ಭಾಳ ಕಹಿ ಅದ. ನೀವs ಪುಣ್ಯವಂತ್ರು, ತಿನ್ನೂ ಕರ್ಮ ತಪ್ಯದ."

ಒಲೆಯ ಮುಂದಿನಿಂದ ರಾಧಾಬಾಯಿ ತಿರುಗಿದಳು. "ನನ್ನ ತವರುಮನಿ ಅಕ್ಕಲಕೋಟ ಕಡೆ, ಯಜಮಾನ್ರ. ಕನ್ನಡ ತಿಳೀತದ. ಕಹಿ ಇದ್ರ ತಾಟು ಕೊಡ್ರಿ, ಎಮ್ಮಿಗೆ ಹಾಕ್ತೀನಿ."

ಚನ್ನವೀರ ಎರಡೂ ಕೈಯಿಂದ ತಾಟು ಮುಚ್ಚಿಕೊಂಡ. "ಬ್ಯಾಡವ್ವಾ, ಬ್ಯಾಡ. ನಿನಗ ಬೈದದ್ದಲ್ಲ."

ಅಷ್ಟರಲ್ಲಿ ಉತ್ತರ ಬಂತು. ಟಣ್ ಟಣ್ ಟಣ್ ಟಣ್, ಗಂಟೆ ಬಿಡದೆ ಹೊಡೆದುಕೊಳ್ಳುತ್ತಿತ್ತು. ಹೊಸ್ತಿಲು ದಾಟುವ ಕಳ್ಳನನ್ನು ಶೆಟ್ಟರು ಹಿಡಿದಿದ್ದರು. ಹಿಂದೆಯೇ ಉಮಾವತಿಯ ಫೋನು.

"'ಬಾಯಿ ತುಂಬ ಅಗಿಯುತ್ತಾ ಬೈತಾನೆ, ಸುಳ್ಳುಬುರುಕ' ಅಂತ ಬರೆದು ತೋರಿಸ್ತಿದ್ದಾರೆ. ನಗ್ತಾರೆ, ಅಳ್ತಾರೆ. ಇದ್ದದ್ದು ಹೇಳಿಬಿಡಿ ಚನ್ನವೀರಣ್ಣ. ಸ್ಪೀಕರ್ ಹಾಕಿದ್ದೇನೆ. ನಳಿಕೆ ಕೀಳದ ಹಾಗೆ ನಾನು ಇವ್ರ ಎರಡೂ ಕೈ ಹಿಡ್ಕೊಂಡು ಕೂತಿರ್ತೇನೆ."

ಚನ್ನವೀರ ಭಾಕರಿಯನ್ನು ಫೋನಿನ ಹತ್ತಿರ ಹಿಡಿದು ಮುರಿದ. "ಕೇಳಿಸ್ತೇನ್ರಿ? ಒಳಗ ಇನ್ನೂ ಹಬೆ ಅದ. ಬದನಿಕಾಯಿ ಬೆಣ್ಣಿ ಆಗ್ಯದ. ಬಳ್ಳೊಳ್ಳಿ ಕೆಂಡದಾಗ ಸುಟ್ಟು ಹಾಕ್ಯಾಳ..." ಮಾತು ಮುಗಿಸಿ ಕಾದ. ಗಂಟೆ ಬಡಿಯಲಿಲ್ಲ. ಎರಡೂ ಕೈ ಹೆಂಡತಿಯ ಹಿಡಿತದಲ್ಲಿರುವಾಗ ಯಾರು ಬಡಿಯಬೇಕು? ಆ ಕಡೆಯಿಂದ ಒಣಗಿದ ಗಂಟಲು ಕಷ್ಟಪಟ್ಟು ಏನೋ ನುಂಗಿದ ಸದ್ದಷ್ಟೇ ಬಂತು.

"ಇನ್ನೊಂದು ಭಾಕರಿ ಹಾಕ್ಲೇನ್ರಿ?" ಎಂದಳು ರಾಧಾಬಾಯಿ.

ಚನ್ನವೀರನ ಕೈಯಲ್ಲಿ ಮುರಿದ ಭಾಕರಿ ಹಾಗೇ ಇತ್ತು.

"ಹಾಕವ್ವಾ," ಎಂದ. ಫೋನಿನ ಆ ತುದಿಯಲ್ಲಿ ಶೆಟ್ಟರು ಇನ್ನೂ ಕೇಳುತ್ತಿದ್ದರು.