ಬೋಳುಗುಡ್ಡದ ಕರಿಕಲ್ಲು

ಬೋಳುಗುಡ್ಡವನ್ನು ಯಾರೂ ಕಸಿದುಕೊಳ್ಳಲಿಲ್ಲ. ಕಸಿದುಕೊಂಡದ್ದು ಅದರ ಬುಡವನ್ನು. ದೇಶದ ನೌಕಾನೆಲೆಗೆ ಬೇಕು ಎಂದರು. ಅವರ್ಸಾ ಕಡೆಯ ಕೇರಿಯನ್ನು ಎಬ್ಬಿಸಿ, ಆಳೆತ್ತರದ ಗೋಡೆ ಕಟ್ಟಿ, ಮೇಲೆ ಮುಳ್ಳುತಂತಿ ಸುತ್ತಿದರು. ಮನೆಗೆ ಪರಿಹಾರ ಬರೆದರು, ತೆಂಗಿಗೆ ಬರೆದರು. ಗುಡ್ಡ ಹತ್ತುವ ಕಾಲುದಾರಿಗೆ ಬೆಲೆ ಕಟ್ಟಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಆ ದಾರಿಯ ನಡುವೆ ಸಿಗುವ ಮಟ್ಟಸ ಹಾಸಿನಲ್ಲಿ ಗಂಗೆಯ ಚೊಚ್ಚಲ ಕೂಸು ಮಲಗಿತ್ತು. ಹಲ್ಲು ಮೂಡುವ ಮೊದಲೇ ಹೋದ ಹೆಣ್ಣುಕೂಸು. ಅಂಥದ್ದನ್ನು ಸುಡುವುದಿಲ್ಲ, ಹೂಳುತ್ತಾರೆ. ಅಂಗೈಯಗಲ ಸ್ವಂತ ನೆಲವಿಲ್ಲದ ಕೂಲಿಯವರು ಗುಡ್ಡಕ್ಕೇ ಹೊತ್ತರು. ನರಿ ಕೆದರಬಾರದೆಂದು ಗಂಗೆ ಕಡಲಂಚಿನ ನುಣುಪು ಕರಿಕಲ್ಲು ತಂದು ಮುಚ್ಚಿದಳು. ಆಮೇಲೆ ಪ್ರತಿ ವರ್ಷ, ಮಳೆ ಕಳೆದು ಸೌದೆಗೆ ಹೋಗುವಾಗ, ಮಡಿಲಲ್ಲಿ ಒಂದು ಕಲ್ಲು. ಆ ಕೂಸಿನ ಬೆನ್ನಿಗೆ ಹುಟ್ಟಿದ ಮಗ ಉದಯನಿಗೆ ಇದನ್ನು ಹೇಳಿರಲಿಲ್ಲ. ಹೋದ ಕೂಸಿನ ಸುದ್ದಿ ಇರುವ ಕೂಸಿನ ಕಿವಿಗೆ ಬೀಳಬಾರದೆಂದು ಅತ್ತೆ ಬಾಯಿ ಕಟ್ಟಿದ್ದಳು.

ಗೋಡೆ ಎದ್ದ ಮೇಲೆ ಗಂಗೆ ಒಮ್ಮೆ ಗೇಟಿಗೆ ಹೋದಳು. ಕಾವಲಿನವ ಪಾಸು ಕೇಳಿದ, ಒಳಗೆ ಏನು ಕೆಲಸ ಎಂದು ಕೇಳಿದ. ತನ್ನ ಕೆಲಸಕ್ಕೆ ಹೆಸರು ಸಿಗದೆ ಮರಳಿದಳು.

ಗುಡ್ಡದ ಇನ್ನೊಂದು ಮಗ್ಗುಲಿನ ಹಟ್ಟಿಕೇರಿ ಕಡೆಯಿಂದ ಹೊಸ ದಾರಿ ಕಡಿದವನು ಉದಯನೇ. ಹುಬ್ಬಳ್ಳಿಯ ಚಾರಣದವರನ್ನು ಕರೆದೊಯ್ಯುವ ಕೆಲಸ ಹಿಡಿದಿದ್ದ. ಅವರಿಗೆ ಯಾರಿಗೂ ಗೊತ್ತಿಲ್ಲದ ಗುಡ್ಡ ಬೇಕಿತ್ತು. ಯಾರಿಗೂ ಅಂದರೆ ಯಾರಿಗೆ ಎಂದು ಯಾರೂ ಕೇಳಲಿಲ್ಲ.

‘ನನ್ನೂ ಒಂದ್ಸಲ ಕರ್ಕಂಡೋಗಾ’ ಎಂದಳು ಗಂಗೆ.

‘ನೀ ಎಂತಕೆ? ಬೂಟು ತರ್ಲಾ ನಿಂಗೆ?’

‘ನಿನ್ನ ಹೊಟ್ಟೇಲಿ ಇಟ್ಕಂಡು ಆ ಗುಡ್ಡದ ಸೌದೆ ಹೊತ್ತವ್ಳು ನಾನು. ಬೂಟು ನೀನೇ ಹಾಕ್ಕೋ.’

ಹೊಸ ದಾರಿಯ ಮೊದಲ ತಿರುವಿನಲ್ಲಿ ಒಂದರ ಮೇಲೊಂದು ಕರಿಕಲ್ಲು ಪೇರಿಸಿತ್ತು. ಗಂಗೆ ನಿಂತಳು.

‘ಇದೆಂತದು?’

‘ಗುರ್ತು. ಬಂದವ್ರು ದಾರಿ ತಪ್ಪಬಾರ್ದಲ್ಲ. ಇಲ್ಲಿನ ಕೆಂಪು ಕಲ್ಲಾದ್ರೆ ಮಣ್ಣಲ್ಲಿ ಕಾಣೂದಿಲ್ಲ.’

‘ಎಲ್ಲಿಂದ ತಂದೆ?’

‘ಮೇಲೆ ಹಾಸಲ್ಲಿ ರಾಶಿ ಬಿದ್ದಿತ್ತು. ಯಾರ್ದೂ ಅಲ್ಲ.’

ಗಂಗೆ ಮುಂದೆ ನಡೆದಳು. ಪ್ರತಿ ತಿರುವಿನಲ್ಲೂ ಕಲ್ಲುಗಳು ಕಾದಿದ್ದವು. ಬಿಳಿ ಗೆರೆಯದ್ದು, ಒಂದು ಮೂಲೆ ಮುಕ್ಕಾದದ್ದು. ಮಡಿಲಲ್ಲಿ ಹೊತ್ತ ಭಾರ ಅದು, ಮರೆಯುವುದಲ್ಲ. ಅವಳು ಒಂದೊಂದನ್ನೂ ಮುಟ್ಟಿ ಮೇಲೆ ಹತ್ತಿದಳು. ಅಮ್ಮನಿಗೆ ಏದುಸಿರು ಬಂದಿದೆ ಎಂದುಕೊಂಡ ಉದಯ ಅಲ್ಲಲ್ಲಿ ನಿಂತು ಕಾದ.

ಹಾಸು ಬಂತು. ಗುರುತಿಗಿದ್ದ ಮತ್ತಿಮರ ಇರಲಿಲ್ಲ. ಸೊಂಟದೆತ್ತರ ಕರಡದ ಹುಲ್ಲು ಬೆಳೆದಿತ್ತು. ಸದಾ ಆಚೆ ಬದಿಯಿಂದ ಹತ್ತುತ್ತಿದ್ದವಳಿಗೆ, ಈಚೆಯಿಂದ ಬಂದಾಗ ಹಾಸು ತಿರುಗಿ ಮಲಗಿದ ಹಾಗೆ ಕಂಡಿತು. ಕೆಳಗೆ ಗೋಡೆ ಹೊಸ ಸುಣ್ಣ ಬಳಿದುಕೊಂಡು ಬೆಳ್ಳಗೆ ಹೊಳೆಯುತ್ತಿತ್ತು.

‘ರಾಶಿ ಎಲ್ಲಿತ್ತು? ತೋರ್ಸು.’

ಉದಯ ಒಂದು ಕಡೆ ಕೈ ತೋರಿದ. ಮತ್ತೆ ಇನ್ನೊಂದು ಕಡೆ. ‘ಇಲ್ಲೇ ಎಲ್ಲೋ. ಎರಡು ಮಳೆ ಹೋಯ್ತಲ್ಲ. ನಾ ಸರಿ ನೋಡ್ಕಂಡಿರ್ಲಿಲ್ಲ.’

ಗಂಗೆ ಮಡಿಲು ಬಿಚ್ಚಿದಳು. ಅಲ್ಲಿ ಅಂಥದ್ದೇ ಒಂದು ನುಣುಪು ಕರಿಕಲ್ಲು.

ಉದಯ ಕಲ್ಲನ್ನು ನೋಡಿದ, ಅವಳ ಮುಖ ನೋಡಿದ. ‘ಅವ್ವಿ, ಅದೆಲ್ಲ ಯಾರ್ದು?’

‘ನಿನ್ನ ಅಕ್ಕನದು. ಇಲ್ಲೇ ಮಣ್ಣು ಮಾಡಿದ್ದು.’

ಅವನು ಕೆಳಗೆ ಓಡಿದ. ಹೆಗಲ ಪಂಜಿ ಬಟ್ಟೆಯಲ್ಲಿ ಕಲ್ಲು ಕಟ್ಟಿಕೊಂಡು ಹತ್ತಿ ಬಂದ, ಸುರಿದ, ಮತ್ತೆ ಇಳಿದ.

‘ನಾಡಿದ್ದು ಹುಬ್ಬಳ್ಳಿಯವ್ರು ಬತ್ರು ಅಂದಿದ್ಯಲ್ಲ. ಅವ್ರಿಗೆ ದಾರಿ?’ ಎಂದಳು ಗಂಗೆ.

‘ನಮ್ಮ ದಾರಿ ಹೋದಾಗ ಯಾರು ಕೇಳಿದ್ರು?’

ಕೊನೆಯ ತಿರುವಿನ ಕಲ್ಲೂ ಬಂತು. ಉದಯ ಬಿಳಿ ಗೆರೆಯದ್ದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತ.

‘ಎಲ್ಲಿ ಇಡ್ಲಿ, ಅವ್ವಿ?’

ಗಂಗೆ ಹಾಸಿನ ಉದ್ದಗಲ ನೋಡಿದಳು. ಮುಂದೆ ಹೆಜ್ಜೆ ಇಡಲು ಕಾಲೆತ್ತಿದವಳು, ಎಲ್ಲಿ ಕೂಸನ್ನು ತುಳಿದೇನೋ ಎಂದು ಹೆದರಿ, ಕಾಲನ್ನು ಮತ್ತೆ ಹಿಂದಕ್ಕೆ ಎಳೆದುಕೊಂಡಳು.