ಅತ್ತಿಗೆ ಲಿವರ್ ಬಿಟ್ಟ ದಿನ

ಆ ಸೈಟಿನಲ್ಲಿ ಎಲ್ಲರಿಗೂ ಅವಳು ಅತ್ತಿಗೆ. ನಿಜವಾಗಿ ಅತ್ತಿಗೆಯಾಗಬೇಕಾದದ್ದು ಒಬ್ಬನಿಗೆ ಮಾತ್ರ: ಕೆಳಗೆ ನಿಂತು ವಾಕಿಟಾಕಿಯಲ್ಲಿ ಸೂಚನೆ ಕೊಡುತ್ತಿದ್ದ ಅವಳ ಗಂಡನ ತಮ್ಮನಿಗೆ. ‘ಅತ್ತಿಗೆ, ಎಡಕ್ಕೆ ತಿರುಗಿಸಿ’, ‘ಅತ್ತಿಗೆ, ನಿಧಾನ ಇಳಿಸಿ’ ಎಂದು ಅವನು ದಿನವಿಡೀ ಹೇಳುವುದನ್ನು ಕೇಳಿ ಕೇಳಿ ಮೇಸ್ತ್ರಿ, ವೆಲ್ಡರು, ಕಾವಲಿನವನು ಎಲ್ಲರೂ ಹಾಗೇ ಕರೆಯತೊಡಗಿದ್ದರು. ಅವಳ ಅಪ್ಪನ ವಯಸ್ಸಿನ ಎಂಜಿನಿಯರ್ ಕೂಡ ಒಮ್ಮೆ ಬಾಯಿತಪ್ಪಿ ಕರೆದು, ಆಮೇಲೆ ಅದನ್ನೇ ರೂಢಿ ಮಾಡಿಕೊಂಡರು.

ಅವಳು ಟವರ್ ಕ್ರೇನ್ ನಡೆಸುವವಳು; ಕಟ್ಟಡದ ಪಕ್ಕದ ಎತ್ತರದ ಕೋಣೆಯಲ್ಲಿ ಕೂತು, ಲಿವರ್ ಎಂಬ ಹಿಡಿಕೆಗಳನ್ನು ಆಡಿಸಿ ಸಾಮಾನು ಎತ್ತಿ ಇಳಿಸುವವಳು. ಕೊಕ್ಕೆಗೆ ಕೋಳಿಮೊಟ್ಟೆ ಸಿಕ್ಕಿಸಿ ಕೊಟ್ಟರೂ ಒಡೆಯದೆ ಏಳನೇ ಮಹಡಿಗೆ ಇಳಿಸುತ್ತಾಳೆ ಎಂದು ಮೇಸ್ತ್ರಿ ಹೊಸಬರ ಮುಂದೆ ಕೊಚ್ಚಿಕೊಳ್ಳುತ್ತಿದ್ದ.

ಕೋವಿಡ್ ಬಂದಾಗ ಮನೆಯ ಮೂವರೂ ಹಾಸಿಗೆ ಹಿಡಿದಿದ್ದರು. ಗಂಡ ಕೆಲವೇ ದಿನದಲ್ಲಿ ಎದ್ದು ಹೊಲಿಗೆ ಯಂತ್ರದ ಮುಂದೆ ಕೂತ. ಮೈದುನ ಎದ್ದವನೇ ಇಬ್ಬರ ಊಟ ಒಬ್ಬನೇ ಮಾಡಿದ. ಅವಳೂ ಎದ್ದಳು, ಆದರೆ ಪೂರ್ತಿ ಏಳಲಿಲ್ಲ. ಕ್ರೇನಿನ ಏಣಿ ಹತ್ತುವಾಗ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಎಷ್ಟು ನಿದ್ದೆ ಮಾಡಿದರೂ ಬೆಳಿಗ್ಗೆ ಯಾರೋ ಹಿಡಿದು ಬಡಿದ ಹಾಗೆ ಮೈ ನೋಯುತ್ತಿತ್ತು. ಅದಕ್ಕಿಂತ ಹೆಚ್ಚು ಹೆದರಿಸಿದ್ದು ತಲೆಯೊಳಗಿನ ಮಂಜು. ಕತ್ತರಿ ಕೈಯಲ್ಲೇ ಇರುತ್ತಿತ್ತು, ಅದರ ಹೆಸರು ನಾಲಿಗೆಗೆ ಬರುತ್ತಿರಲಿಲ್ಲ.

ಡಾಕ್ಟರು ರಿಪೋರ್ಟುಗಳನ್ನು ತಿರುವಿ ಹಾಕಿ, ‘ಎಲ್ಲ ಚೆನ್ನಾಗಿದೆ. ಯೋಚನೆ ಬಿಡಿ, ಚೆನ್ನಾಗಿ ತಿನ್ನಿ’ ಎಂದು ಕಳಿಸಿದರು. ಕೋವಿಡ್ ವಾಸಿಯಾದ ಮೇಲೂ ದೇಶದ ತುಂಬ ಜನ ಹೀಗೆ ಒದ್ದಾಡುತ್ತಿದ್ದಾರೆಂದು ಅಲ್ಲಿಯ ಟೀವಿಯಲ್ಲಿ ಯಾರೋ ಹೇಳುತ್ತಿದ್ದರು. ದೇಶದ ತುಂಬ ಎಂದರೆ ಯಾರು? ಸೈಟಿನಲ್ಲಂತೂ ಎಲ್ಲರೂ ಕಲ್ಲುಗುಂಡಿನ ಹಾಗಿದ್ದಾರೆ, ತನಗೊಬ್ಬಳಿಗೇ ಏನೋ ಆಗಿದೆ ಎಂದುಕೊಂಡಳು.

ಮೈದುನನ ಕಣ್ಣು ತಪ್ಪಿಸುವುದು ಆಗಲಿಲ್ಲ. ಒಂದು ಬೆಳಿಗ್ಗೆ ಅವಳು ಒಲೆ ಹಚ್ಚಿ, ಮೇಲೆ ಪಾತ್ರೆಯನ್ನೇ ಇಡದೆ ಉರಿಯನ್ನು ನೋಡುತ್ತ ನಿಂತಿದ್ದಳು.

‘ಅತ್ತಿಗೆ, ಕ್ರೇನ್ ಮೇಲೂ ಹೀಗಾಗುತ್ತಾ?’

‘ಇಲ್ಲ ಕಣೋ. ಅಲ್ಲಿ ಕೈ ತಾನೇ ಕೆಲಸ ಮಾಡುತ್ತೆ.’

‘ಅಣ್ಣನಿಗೆ ಹೇಳೋಣ.’

‘ಹೇಳಿದ್ರೆ ನನ್ನನ್ನ ಮನೇಲಿ ಕೂರಿಸ್ತಾರೆ. ಬಾಯಿ ಬಿಟ್ಟೆ ಅಂದ್ರೆ ನಾನು ನಿನಗೆ ಅತ್ತಿಗೆಯೂ ಅಲ್ಲ, ನೀನು ನನಗೆ ಮೈದುನನೂ ಅಲ್ಲ.’

ಅವನು ಬಾಯಿ ಬಿಡಲಿಲ್ಲ. ಆದರೆ ಅಂದಿನಿಂದ ಅವಳು ಏಣಿಗೆ ಕಾಲಿಡುವಾಗಲೆಲ್ಲ ಅವನು ಕೈಲಿದ್ದ ಕೆಲಸ ಬಿಟ್ಟು, ಅವಳು ಮೇಲೆ ಮುಟ್ಟುವವರೆಗೂ ನೋಡುತ್ತ ನಿಲ್ಲುತ್ತಿದ್ದ.

ಮೋಡ ಕವಿದ ಒಂದು ಮಧ್ಯಾಹ್ನ ಅವಳು ಕಬ್ಬಿಣದ ಕಂಬಿಯ ದೊಡ್ಡ ಕಟ್ಟೊಂದನ್ನು ಏಳನೇ ಮಹಡಿಗೆ ಎತ್ತುತ್ತಿದ್ದಳು. ಅಲ್ಲಿ ಮೇಸ್ತ್ರಿಯ ಆಳುಗಳು ಬಗ್ಗಿ ಕೆಲಸ ಮಾಡುತ್ತಿದ್ದರು. ಕಟ್ಟು ಅವರ ತಲೆಯ ಮಟ್ಟ ದಾಟಿ ಮೇಲೆ ಬಂತು. ‘ಸಾಕು ಅತ್ತಿಗೆ, ಈಗ ಬಲಕ್ಕೆ ತಿರುಗಿಸಿ’ ಎಂದಿತು ವಾಕಿಟಾಕಿ.

ಅವಳು ತನ್ನ ಕೈಗಳನ್ನು ನೋಡಿದಳು. ಎಡಗೈಯಲ್ಲಿ ಒಂದು ಲಿವರ್, ಬಲಗೈಯಲ್ಲಿ ಒಂದು ಲಿವರ್. ಯಾವುದು ತಿರುಗಿಸುವುದು, ಯಾವುದು ಇಳಿಸುವುದು? ವರ್ಷಗಟ್ಟಲೆ ಕೈಗೆ ಗೊತ್ತಿದ್ದದ್ದು ಒರೆಸಿ ಹಾಕಿದಂತೆ ಹೋಗಿತ್ತು. ಅವಳು ಲಿವರ್ ಎರಡನ್ನೂ ಬಿಟ್ಟುಬಿಟ್ಟಳು. ಅವು ತಾವಾಗಿ ನಡುವಿಗೆ ಬಂದು ನಿಂತವು. ಕಟ್ಟು ಆಳುಗಳ ನೆತ್ತಿಯ ಮೇಲೆ ತೂಗಾಡುತ್ತ ಉಳಿಯಿತು.

‘ಅತ್ತಿಗೆ?’

‘ನಂಗೆ... ಯಾವುದು ಏನು ಅಂತ ಗೊತ್ತಾಗ್ತಿಲ್ಲ ಕಣೋ.’

ಈ ಮಾತು ಸೈಟಿನಲ್ಲಿ ವಾಕಿಟಾಕಿ ಇದ್ದವರಿಗೆಲ್ಲ ಕೇಳಿಸಿತು.

‘ಏನನ್ನೂ ಮುಟ್ಟಬೇಡಿ. ಎರಡೂ ಕೈ ಮಡಿಲಲ್ಲಿ ಇಟ್ಕೊಳ್ಳಿ. ಇಟ್ರಾ?’

‘ಇಟ್ಟೆ.’

‘ಮೇಸ್ತ್ರಿ, ನಿಮ್ಮವರನ್ನೆಲ್ಲ ಮೆಟ್ಟಿಲ ಕಡೆ ಓಡಿಸಿ. ಈಗಲೇ!’

ಅಷ್ಟರಲ್ಲಿ ಎಂಜಿನಿಯರ್ ಅದೇ ಚಾನೆಲ್ಲಿಗೆ ನುಗ್ಗಿದರು. ‘ಏನ್ ನಡೀತಿದೆ ಅಲ್ಲಿ? ಗಾಳಿ ಏಳ್ತಾ ಇದೆ, ಇಳಿಸಿ ಅದನ್ನ!’

‘ಸಾರ್, ಅತ್ತಿಗೆ ಕಿವಿಗೆ ಒಂದೇ ದನಿ ಹೋಗ್ಬೇಕು. ದಯವಿಟ್ಟು ಸುಮ್ಮನಿರಿ.’

ಎಂದೂ ಯಾರಿಂದಲೂ ಸುಮ್ಮನಿರಿ ಎನ್ನಿಸಿಕೊಳ್ಳದ ಮನುಷ್ಯ ಸುಮ್ಮನಾದರು.

ಗಾಳಿ ನಿಜವಾಗಿಯೂ ಏಳುತ್ತಿತ್ತು. ಕಟ್ಟಿನ ಒಂದು ತುದಿ ಗೋಡೆಯ ಕಡೆಗೆ ಹೊರಳುತ್ತಿತ್ತು. ಬೇರೆ ಚಾಲಕ ಏಣಿ ಹತ್ತಿ ಬರುವಷ್ಟು ಹೊತ್ತು ಕಾಯುವಂತಿರಲಿಲ್ಲ. ಮೈದುನ ಕ್ರೇನಿನ ಕೋಣೆಯೊಳಗೆ ಒಮ್ಮೆಯೂ ಕೂತವನಲ್ಲ. ಯಾವ ಲಿವರ್ ಏನು ಮಾಡುತ್ತದೆಂದು ಅವನಿಗೂ ಗೊತ್ತಿರಲಿಲ್ಲ. ಆದರೆ ಒಂದು ಅರ್ಥವಾಗಿತ್ತು: ಆಳುಗಳೆಲ್ಲ ಈಗ ಮೆಟ್ಟಿಲು ಸೇರಿದ್ದರಿಂದ ಕಟ್ಟು ಸ್ವಲ್ಪ ಮೇಲಕ್ಕೆ ಹೋದರೆ ಯಾರಿಗೂ ಏನೂ ಆಗುವುದಿಲ್ಲ, ಸ್ವಲ್ಪ ಕೆಳಗೆ ಬಂದರೂ ಖಾಲಿ ಮಹಡಿಯ ಮೇಲೇ ಬರುತ್ತದೆ.

‘ಅತ್ತಿಗೆ, ಬಲಗೈ ಲಿವರನ್ನ ನಿಮ್ಮ ಕಡೆ ಎಳೀರಿ. ಕೂದಲೆಳೆಯಷ್ಟು. ತಕ್ಷಣ ಬಿಡಿ.’

ಎಳೆದಳು. ಬಿಟ್ಟಳು.

‘ಮೇಲೆ ಹೋಯ್ತು. ಹಾಗಾದ್ರೆ ಮುಂದಕ್ಕೆ ತಳ್ಳಿದ್ರೆ ಕೆಳಗೆ. ಈಗ ಎಡಗೈದು, ಎಡಕ್ಕೆ. ಕೂದಲೆಳೆಯಷ್ಟೇ.’

ಕ್ರೇನಿನ ಉದ್ದನೆಯ ತೋಳು ಮೆಲ್ಲಗೆ ಎಡಕ್ಕೆ ತಿರುಗಿತು. ಕಟ್ಟು ಕಟ್ಟಡದಿಂದ ದೂರ ಸರಿಯಿತು.

‘ಹಾಗೇ. ಬಿಡಿ. ಉಸಿರು ತಗೊಳ್ಳಿ. ಮತ್ತೆ.’

ಚಿಕ್ಕ ಮಗುವಿಗೆ ತುತ್ತು ಕೊಟ್ಟಂತೆ ಅವನು ಒಂದೊಂದೇ ಸೂಚನೆ ಕೊಟ್ಟ. ಕೊನೆಗೆ ಮರಳಿನ ರಾಶಿಯ ಪಕ್ಕ, ಯಾರೂ ಇಲ್ಲದ ನೆಲದ ಮೇಲೆ ಕಂಬಿಗಳು ಝಣ್ಣೆಂದು ಕೂತವು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೇಸ್ತ್ರಿ ಹೆಲ್ಮೆಟ್ ತೆಗೆದು ಮುಖ ಒರೆಸಿಕೊಂಡ.

ಅವಳಿಗೆ ಒಬ್ಬಳೇ ಇಳಿಯಲು ಆಗಲಿಲ್ಲ. ಮೈದುನನೇ ಹತ್ತಿ ಬಂದು, ಅವಳ ಸೊಂಟಪಟ್ಟಿಯ ಹಗ್ಗವನ್ನು ತನ್ನದಕ್ಕೆ ಬಿಗಿದು, ಅಲ್ಲಲ್ಲಿ ನಿಂತು ನಿಂತು ಇಳಿಸಿಕೊಂಡು ಬಂದ. ನೆಲ ಮುಟ್ಟುವ ಮೊದಲು ಅವಳು ಕೇಳಿದಳು, ‘ನಿಮ್ಮಣ್ಣನಿಗೆ ಯಾರು ಹೇಳೋದು?’

‘ನಾನೇ ಹೇಳ್ತೀನಿ. ಮೊದಲೇ ಹೇಳ್ಬೇಕಿತ್ತು.’

ಸಂಜೆ ಗಂಡ ಎಲ್ಲವನ್ನೂ ಕೇಳಿ ಹೊಲಿಗೆ ಯಂತ್ರ ನಿಲ್ಲಿಸಿದ. ಹೆಂಡತಿಗೆ ಒಂದು ಮಾತೂ ಅನ್ನಲಿಲ್ಲ. ತಮ್ಮನ ಕಡೆ ತಿರುಗಿದ.

‘ನಿಂಗೆ ಗೊತ್ತಿತ್ತು. ಗೊತ್ತಿದ್ದೂ ದಿನಾ ಅವಳನ್ನ ಮೇಲೆ ಕಳಿಸಿದೆ.’

‘ಅವನನ್ನ ಯಾಕೆ ಅಂತೀರಿ? ನಾನೇ ಬಾಯಿ ಕಟ್ಟಿದ್ದು’ ಎಂದಳು ಅವಳು.

‘ಕಟ್ಟಿಸ್ಕೊಂಡನಲ್ಲ!’

ಅಣ್ಣ ತಮ್ಮ ಮಾತು ಬಿಟ್ಟರು. ಒಂದೇ ಮನೆಯಲ್ಲಿದ್ದುಕೊಂಡು ‘ಅವನಿಗೆ ಊಟಕ್ಕೆ ಹೇಳು’ ಎಂದು ಅವಳ ಮೂಲಕ ಹೇಳಿಕಳಿಸುವಷ್ಟು ಬಿಟ್ಟರು. ಅವಳಿಗೆ ತಲೆಯ ಮಂಜಿಗಿಂತ ಅದೇ ಭಾರವಾಯಿತು.

ಎಂಜಿನಿಯರ್ ಅವಳನ್ನು ಕೆಲಸದಿಂದ ತೆಗೆಯಲಿಲ್ಲ, ಕ್ರೇನಿನಿಂದ ತೆಗೆದರು. ಸಾಮಾನಿನ ಕೋಣೆಯಲ್ಲಿ ಕೂತು ಬೋಲ್ಟು, ಕೈಗವಸು ಕೊಡುವ ಕೆಲಸ ಸಿಕ್ಕಿತು. ಆಮೇಲೆ ಅವರು ಎಲ್ಲರನ್ನೂ ಸೇರಿಸಿ, ‘ಇನ್ಯಾರಿಗಾದ್ರೂ ಹೀಗಿದ್ಯಾ?’ ಎಂದು ಕೇಳಿದರು. ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ಒಂದು ಕೈಯೂ ಏಳಲಿಲ್ಲ.

ಆದರೆ ಸಾಮಾನಿನ ಕೋಣೆಗೆ ಒಬ್ಬೊಬ್ಬರೇ ಬರತೊಡಗಿದರು. ಕೈಗವಸು ಕೇಳುವ ನೆಪ. ಕಾವಲಿನವನಿಗೆ ಇಂದಿಗೂ ಯಾವ ವಾಸನೆಯೂ ಬರುವುದಿಲ್ಲ. ಮೇಸ್ತ್ರಿಗೆ ಮೂರು ಮೆಟ್ಟಿಲು ಹತ್ತಿದರೆ ಏದುಸಿರು. ಬೈಯುವ ನೆಪದಲ್ಲಿ ನಿಂತು ಸುಧಾರಿಸಿಕೊಳ್ಳುತ್ತಾನಂತೆ. ‘ಅದಕ್ಕೇನಾ ಬೈಗುಳ ಈಚೆಗೆ ಇಷ್ಟುದ್ದ ಆಗಿರೋದು?’ ಎಂದು ಅವಳು ನಕ್ಕಳು. ಅವನೂ ನಕ್ಕ, ಕಣ್ಣು ಒದ್ದೆಯಾಗಿತ್ತು.

ಒಂದು ಬೆಳಿಗ್ಗೆ ವೆಲ್ಡರು ಬಂದು ಬಾಗಿಲು ಮುಚ್ಚಿದ. ಹೊರಗೋಡೆಯ ಅಟ್ಟಣಿಗೆಯ ಮೇಲೆ ನಿಂತು ಬೆಸೆಯುವವನು.

‘ಅತ್ತಿಗೆ, ತಲೆ ಗಿರ್ರೆನ್ನುತ್ತೆ. ನಿನ್ನೆ ಮೇಲಿಂದ ಬೀಳೋದು ಸ್ವಲ್ಪದರಲ್ಲಿ ತಪ್ಪಿತು. ನಿಮಗಾದ್ರೆ ಅರ್ಥ ಆಗುತ್ತೆ ಅಂತ...’

ಅವಳಿಗೆ ಅರ್ಥವಾಗಿತ್ತು. ಅದಕ್ಕೇ ಕೊಡಲು ತೆಗೆದಿದ್ದ ಕೈಗವಸನ್ನು ತಿರುಗಿ ಒಳಗಿಟ್ಟಳು.

‘ವೆಲ್ಡರಣ್ಣ, ಇವತ್ತು ಮೇಲೆ ಹೋಗ್ಬೇಡಿ. ಎಂಜಿನಿಯರ್ ಹತ್ರ ಹೇಳಿ.’

‘ಹೇಳೋದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ?’

‘ಹಾಗಾದ್ರೆ ನಾನೇ ಹೋಗಿ ಹೇಳ್ತೀನಿ.’

‘ನಂಬಿ ಬಂದೆ ನಿಮ್ಮನ್ನ!’

‘ನಮ್ಮ ಮೈದುನನೂ ನನ್ನ ನಂಬಿಕೆ ಉಳಿಸಿಕೊಂಡ. ಏನಾಯ್ತು ನೋಡಿದ್ರಲ್ಲ. ಆ ಕೆಲಸ ನನ್ನಿಂದಾಗಲ್ಲ.’

ಅವನು ಬಾಗಿಲು ದಡಾರನೆ ಬಡಿದು ಹೋದ. ಅವಳು ಕಿಟಕಿಗೆ ಬಂದು ನಿಂತಳು. ಅವನು ನೇರ ಅಟ್ಟಣಿಗೆಯ ಕಡೆ ನಡೆದ, ಏಣಿಗೆ ಕೈ ಹಾಕಿದ, ಒಂದು ಮೆಟ್ಟಿಲು ಹತ್ತಿದ. ಅವಳು ಮೇಜಿನಿಂದ ಬೀಗದ ಕೈ ತೆಗೆದುಕೊಂಡು ಹೊರಡಲು ತಿರುಗಿದಳು. ಮತ್ತೊಮ್ಮೆ ನೋಡಿದಾಗ ಅವನು ಇಳಿದು ಸಿಮೆಂಟ್ ಮೂಟೆಗಳ ಮೇಲೆ ತಲೆ ತಗ್ಗಿಸಿ ಕೂತಿದ್ದ.

ಆಮೇಲೆ ಎದ್ದು, ಯಾರ ಮುಖವನ್ನೂ ನೋಡದೆ, ಎಂಜಿನಿಯರ್ ಕೋಣೆಯ ಕಡೆಗೆ ಹೋದ.